ಕಾಮೇಗೌಡರ ಕಟ್ಟೆಗಳ ದಾರಿಯಲ್ಲಿ

ಮೊದಲ ದಿನ: ಮೈಸೂರಿನಿಂದ ದಾಸನದೊಡ್ಡಿಗೆ

ಮೈಸೂರು ಸೀಮೆಯಲ್ಲಿ ದಾನಿಗಳ ಹೆಸರಿಗೆ ಬರವಿಲ್ಲ. ಛತ್ರ, ಶಾಲೆ, ಆಸ್ಪತ್ರೆ, ವಿದ್ಯಾರ್ಥಿನಿಲಯ, ಯಾವುದರ ಬಾಗಿಲ ಮೇಲೆ ಕಣ್ಣು ಹಾಯಿಸಿದರೂ ಯಾರದೋ ಒಂದು ಹೆಸರು ಕಲ್ಲಿನಲ್ಲಿ ಕೆತ್ತಿರುತ್ತದೆ. ಉಳ್ಳವರು ಕೊಟ್ಟರು, ಊರು ನೆನೆಯುತ್ತಿದೆ. ಅದು ಸರಿಯೇ. ಆದರೆ ಕುರಿ ಮಾರಿ ಗುದ್ದಲಿ ಕೊಂಡು, ಬೆಟ್ಟದ ಮೇಲೆ ನವಿಲಿಗೂ ನರಿಗೂ ನೀರಿನ ಕಟ್ಟೆ ತೋಡಿದ ಒಬ್ಬ ಕುರಿಗಾಹಿಯನ್ನು ಈ ಸಾಲಿನಲ್ಲಿ ಎಲ್ಲಿ ಕೂರಿಸಬೇಕು? ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ವಿಷಯ ಯೋಚಿಸಿದಾಗಲೆಲ್ಲ ನನಗೆ ಮೊದಲ ಸಾಲೇ ಸರಿ ಅನ್ನಿಸಿದೆ. ಅವರು 2022ರ ಅಕ್ಟೋಬರ್ 17ರಂದು ತೀರಿಕೊಂಡರು. ಅವರು ತೋಡಿದ ಕಟ್ಟೆಗಳು ಈಗ ಹೇಗಿವೆ, ಅವುಗಳ ನೀರನ್ನು ಯಾರು ಕುಡಿಯುತ್ತಾರೆ, ಹೂಳನ್ನು ಯಾರು ಎತ್ತುತ್ತಾರೆ ಎಂದು ಕಣ್ಣಾರೆ ನೋಡಬೇಕೆಂದು ಫೆಬ್ರವರಿಯ ಕೊನೆಯಲ್ಲಿ ಹೊರಟೆ. ಬೇಸಿಗೆ ಕಾಲಿಡುವ ಹೊತ್ತು ಅದು. ಕಟ್ಟೆಯ ಗುಣ ಗೊತ್ತಾಗುವುದು ಮಳೆಗಾಲದಲ್ಲಿ ಅಲ್ಲ.

ಬೆಳಗಿನ ಬಸ್ಸು ಬನ್ನೂರಿನ ಮಾರ್ಗವಾಗಿ ಮಳವಳ್ಳಿಗೆ ಹೋಗುತ್ತದೆ. ಕಾವೇರಿಯನ್ನು ದಾಟಿದ ಮೇಲೆ ಎರಡೂ ಕಡೆ ಗದ್ದೆ, ಕಬ್ಬು, ತೆಂಗು. ದಾರಿಯಲ್ಲಿ ಸಿಗುವ ಕಿರುಗಾವಲು ಸೈಯದ್ ಘನಿ ಖಾನ್ ಅವರ ಊರು. ನೂರಾರು ದೇಸಿ ಭತ್ತದ ತಳಿಗಳನ್ನೂ ಹಿರಿಯರು ಬಿಟ್ಟುಹೋದ ಮಾವಿನ ತೋಟವನ್ನೂ ಕಾಪಾಡಿಕೊಂಡು ಬಂದಿರುವ ರೈತ ಅವರು. ಒಂದೇ ತಾಲ್ಲೂಕಿನಲ್ಲಿ ಒಬ್ಬರು ಬೀಜ ಉಳಿಸಿದರು, ಇನ್ನೊಬ್ಬರು ನೀರು ಉಳಿಸಿದರು. ಇಬ್ಬರನ್ನೂ ಯಾರೂ ನೇಮಿಸಿರಲಿಲ್ಲ.

ಮಂಡ್ಯ ಎಂದರೆ ಹಸಿರು ಎಂದುಕೊಂಡವರು ಮಳವಳ್ಳಿ ತಾಲ್ಲೂಕಿನ ಒಳದಾರಿಗಳಲ್ಲಿ ಒಮ್ಮೆ ಓಡಾಡಬೇಕು. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಈ ಜಿಲ್ಲೆಯ ಹಣೆಬರಹವನ್ನೇ ಬದಲಿಸಿತು, ನಿಜ. ಆದರೆ ನಾಲೆಗೆ ಒಂದು ಕೊನೆ ಇದೆ, ಕೊನೆಯಲ್ಲಿ ಇರುವವರಿಗೆ ಕೊನೆಯ ಪಾಲು. ಇದೇ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿಯೇ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಷ್ಟು ದೂರದ ಗಣಿಗೆ ಬೆಳಕು ಕೊಟ್ಟ ಸೀಮೆಯಲ್ಲಿ, ಬೆಟ್ಟದ ಮೇಲಿನ ಕುರಿಗೆ ಕುಡಿಯಲು ನೀರಿರಲಿಲ್ಲ. ನಾಲೆಯ ನೀರು ತಗ್ಗಿಗೆ ಹರಿಯುತ್ತದೆಯೇ ಹೊರತು ಬೆಟ್ಟ ಹತ್ತುವುದಿಲ್ಲ.

ಮಳವಳ್ಳಿಯಲ್ಲಿ ಊಟ ಮುಗಿಸಿ ಆಟೊ ಹಿಡಿದೆ. ಗದ್ದೆಗಳು ಹಿಂದೆ ಉಳಿದು ರಾಗಿ ಕೊಯ್ದ ಹೊಲಗಳು ಬಂದವು, ನಡುನಡುವೆ ಹಿಪ್ಪುನೇರಳೆ ತೋಟ. ಕುಂದೂರು ಬೆಟ್ಟ ದೂರದಿಂದ ಬಂಡೆ ಮತ್ತು ಕುರುಚಲು ಗಿಡಗಳ ಗುಡ್ಡ, ಅಷ್ಟೇ. ಕೋಟೆ ಇಲ್ಲ, ಕೊಳವಿರಬಹುದೆಂಬ ಸುಳಿವೂ ಇಲ್ಲ. ಬುಡದಲ್ಲಿ ದಾಸನದೊಡ್ಡಿ.

ಊರಿಗೆ ಬಂದವರು ಮೊದಲು ಕೇಳುವುದು ಕಾಮೇಗೌಡರ ಮನೆ. 2020ರ ಜೂನ್ 28ರಂದು ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅವರ ಹೆಸರು ಹೇಳಿದ ಮೇಲೆ ಈ ಊರಿಗೆ ಕ್ಯಾಮೆರಾಗಳು ಬಂದವು, ಕಾರುಗಳು ಬಂದವು, ಶಾಲು ಹಾರಗಳು ಬಂದವು. ಸಾರಿಗೆ ನಿಗಮ ಆಜೀವ ಉಚಿತ ಬಸ್ ಪಾಸ್ ಕೊಟ್ಟಿತು. ಅದೇ ವರ್ಷ ಕೊರೊನಾ ತಗುಲಿ ಮಂಡ್ಯದಲ್ಲಿ ಆಸ್ಪತ್ರೆ ಸೇರಿ, ಎಂಬತ್ತು ದಾಟಿದ ಆ ಹಿರಿಯರು ಗುಣಮುಖರಾಗಿ ಮನೆಗೆ ಮರಳಿದ್ದರು. ಇಷ್ಟೆಲ್ಲವನ್ನೂ ಕಂಡ ಆ ಮನೆಯ ಬಾಗಿಲನ್ನು ನಾನು ತಟ್ಟಲಿಲ್ಲ. ಬದುಕಿದ್ದಷ್ಟು ದಿನ ಊರಿಗೆ ಕೊಟ್ಟ ಮನುಷ್ಯನ ಮನೆಯವರು, ಅವರು ಹೋದ ಮೇಲೂ ಬಂದಬಂದವರಿಗೆ ಕಥೆ ಹೇಳುತ್ತ ಕೂರಬೇಕೆಂದು ಬಯಸುವುದು ನ್ಯಾಯವಲ್ಲ. ಕಾಮೇಗೌಡರನ್ನು ನೋಡಬೇಕಾದರೆ ಬೆಟ್ಟ ಇದೆ.

ಅಂಗಡಿ ಮುಂದಿನ ಜಗಲಿಯಲ್ಲಿ ಕುಳಿತಿದ್ದ ವಯಸ್ಸಾದ ಕುರಿಗಾಹಿಯೊಬ್ಬರು ಮರುದಿನ ಬೆಳಗ್ಗೆ ಜೊತೆಗೆ ಬರಲು ಒಪ್ಪಿದರು. ಕಾಮೇಗೌಡರ ಜೊತೆ ಕುರಿ ಮೇಯಿಸಿದವರೇ ಎಂದು ಕೇಳಿದೆ. ಬೆಟ್ಟದಲ್ಲಿ ಎಲ್ಲರೂ ಎಲ್ಲರ ಜೊತೆ ಮೇಯಿಸಿದವರೇ ಎಂದರು. ರಾತ್ರಿ ಮಳವಳ್ಳಿಯಲ್ಲಿ ತಂಗಿದೆ.

ಎರಡನೆಯ ದಿನ: ಬೆಟ್ಟ

ಬಿಸಿಲೇರುವ ಮೊದಲೇ ಹತ್ತಲು ತೊಡಗಿದೆವು. ಹಿರಿಯರ ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕುಡುಗೋಲು ಕಟ್ಟಿದ ದೋಟಿ. ಅವರ ಮೊಮ್ಮಗ ಕುರಿಗಳನ್ನು ಹೊಡೆದುಕೊಂಡು ಹಿಂದೆ ಬಂದ. ದಾರಿಯುದ್ದಕ್ಕೂ ತಂಗಡಿ, ಜಾಲಿ, ಬಂದರಿಕೆ, ಎಲ್ಲ ಕಡೆ ನುಗ್ಗಿರುವ ಲಂಟಾನ. ಕೌಜುಗಗಳು ಕಾಲಬಳಿಯಿಂದಲೇ ಬುರ್ರನೆ ಹಾರಿದವು.

ಕಾಮೇಗೌಡರ ಕಥೆ ಶುರುವಾಗುವುದು ಇಂಥ ದಾರಿಯಲ್ಲಿಯೇ. ಕುರಿ ಮೇಯಿಸುತ್ತಿದ್ದವರಿಗೆ ಬಾಯಾರಿದರೆ ಕೆಳಗಿನ ಊರಿನಲ್ಲಿ ಯಾವುದಾದರೂ ಮನೆಯಲ್ಲಿ ನೀರು ಕೇಳಿ ಕುಡಿಯಬಹುದು. ಬೆಟ್ಟದ ಮೇಲಿನ ಹಕ್ಕಿ, ಮೃಗ ಯಾರನ್ನು ಕೇಳಬೇಕು? ಈ ಪ್ರಶ್ನೆ ಅನೇಕರಿಗೆ ಹುಟ್ಟಿರಬಹುದು. ಅದಕ್ಕೆ ಉತ್ತರವಾಗಿ ನೆಲ ಅಗೆಯಲು ಕುಳಿತವರು ಅವರೊಬ್ಬರೇ. ಮೊದಮೊದಲು ಕೋಲಿನಿಂದ ಕೆದಕಿದರು. ಕಲ್ಲುನೆಲ ಕೋಲಿಗೆ ಜಗ್ಗಲಿಲ್ಲ. ಕೆಲವು ಕುರಿಗಳನ್ನು ಮಾರಿ ಗುದ್ದಲಿ, ಹಾರೆ ಕೊಂಡರು. ಜನ ಹುಚ್ಚನೆಂದರು. ಅವರು ಅಗೆಯುವುದನ್ನು ನಿಲ್ಲಿಸಲಿಲ್ಲ. ಸುಮಾರು ನಾಲ್ಕು ದಶಕಗಳಲ್ಲಿ ಹದಿನಾರು ಕಟ್ಟೆಗಳಾದವು. ಪ್ರಶಸ್ತಿಗಳೊಂದಿಗೆ ಬಂದ ಹಣವೂ ಕಟ್ಟೆಗಳಿಗೇ ಹೋಯಿತು.

ಕುರಿ ಮಾರುವುದು ಎಂದರೇನು ಎಂಬುದನ್ನು ಪಟ್ಟಣದ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಂಡೂರು ಕುರಿಯ ಸೀಮೆ ಇದು. ಬಂಡೂರು ಇರುವುದು ಇದೇ ಮಳವಳ್ಳಿ ತಾಲ್ಲೂಕಿನಲ್ಲಿ. ಇಲ್ಲಿ ಕುರಿ ಮನೆಯ ಉಳಿತಾಯ, ಮನೆಯ ವಿಮೆ, ಮಗಳ ಮದುವೆ, ಆಸ್ಪತ್ರೆಯ ಬಿಲ್ಲು. ಇಂದು ಮಾರಿದ ಒಂದು ಹೆಣ್ಣುಕುರಿಯ ಜೊತೆ ಅದು ಮುಂದೆ ಹಾಕಬೇಕಿದ್ದ ಮರಿಗಳೂ, ಆ ಮರಿಗಳ ಮರಿಗಳೂ ಹೋಗುತ್ತವೆ. ಲಕ್ಷಾಧೀಶ ತನ್ನ ಬಡ್ಡಿಯಲ್ಲಿ ಒಂದು ಪಾಲು ಕೊಡುತ್ತಾನೆ. ಕುರಿಗಾಹಿ ಕೊಟ್ಟದ್ದು ಅಸಲು. ಅದಕ್ಕೇ ಈ ದಾನದಲ್ಲಿ ಮನೆಯವರ ಪಾಲೂ ಇದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಯಜಮಾನ ಗುದ್ದಲಿ ಹಿಡಿದು ಬೆಟ್ಟ ಹತ್ತಿದಾಗ ಒಲೆಯನ್ನು ಉರಿಸಿದವರು, ಉಳಿದ ಕುರಿಗಳನ್ನು ಕಾದವರು, ಊರಿನ ಮಾತನ್ನು ಕೇಳಿಸಿಕೊಂಡವರು ಮನೆಯವರೇ. ಕಾಮೇಗೌಡರಿಗೆ ಹಾರ ಹಾಕಿದ ವೇದಿಕೆಗಳಲ್ಲಿ ಅವರಿಗೂ ಒಂದು ಕುರ್ಚಿ ಇರಬೇಕಿತ್ತು.

ಮೊದಲ ಕಟ್ಟೆ ಎದುರಾದಾಗ ಅದು ಕಟ್ಟೆ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಚಿತ್ರಗಳಲ್ಲಿ ನೋಡಿದ್ದಕ್ಕಿಂತ ಚಿಕ್ಕದು. ಮೇಲೆ ಹಾಸುಬಂಡೆ, ಅದರ ಕೆಳ ಅಂಚಿಗೆ ಸರಿಯಾಗಿ ತೋಡಿದ ಗುಂಡಿ, ತಗ್ಗಿನ ಕಡೆಗೆ ಅಗೆದ ಮಣ್ಣಿನದೇ ಏರಿ, ಏರಿಗೆ ಒತ್ತಿ ಜೋಡಿಸಿದ ಕಲ್ಲುಗಳು. ಕುರಿ ಇಳಿದು ಹತ್ತಲು ಒಂದು ಕಡೆ ಇಳಿಜಾರು. ನೀರು ಮೊಣಕಾಲುದ್ದ ಇತ್ತು, ಹಸಿರುಗಟ್ಟಿತ್ತು. ಹುಡುಗ ಸಿಳ್ಳೆ ಹಾಕಿದ್ದೇ ತಡ, ಕುರಿಗಳು ಸಾಲಾಗಿ ಇಳಿದು ತಲೆ ತಗ್ಗಿಸಿದವು.

ಜಾಗದ ಆಯ್ಕೆಯಲ್ಲಿಯೇ ಎಲ್ಲ ಬುದ್ಧಿ ಇದೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಅಂದರೆ ಒಂದು ಚದರ ಮೀಟರ್ ಬಂಡೆಯ ಮೇಲೆ ವರ್ಷಕ್ಕೆ 700 ಲೀಟರ್ ನೀರು ಬೀಳುತ್ತದೆ. ಬಂಡೆ ಕುಡಿಯುವುದಿಲ್ಲ, ಆದ್ದರಿಂದ ಹೆಚ್ಚುಪಾಲು ನೀರು ಜಾರಿ ಹೋಗುತ್ತದೆ. ಜಾರಿದ ನೀರು ಎಲ್ಲಿ ಮೊದಲು ನೆಲ ಮುಟ್ಟುತ್ತದೋ ಅಲ್ಲಿ ಹಿಡಿದರೆ ಅದು ನಮ್ಮದು, ಹತ್ತು ಮಾರು ಕೆಳಗೆ ಹಿಡಿಯಲು ಹೋದರೆ ಅರ್ಧ ಪೊದೆಗಳ ಬುಡದಲ್ಲಿ ಇಂಗಿರುತ್ತದೆ, ಉಳಿದರ್ಧ ಮಣ್ಣನ್ನು ಕೊಚ್ಚಿಕೊಂಡು ಬರುತ್ತದೆ. ಬೇಸಿಗೆಯಲ್ಲಿ ಬೆಳೆದ ಕುರಿಯೊಂದಕ್ಕೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ನೂರು ಕುರಿಯ ಹಿಂಡಿಗೆ ನಾಲ್ಕೈದು ನೂರು ಲೀಟರ್. ಅಷ್ಟನ್ನು ಹೊತ್ತು ಬೆಟ್ಟ ಹತ್ತುವ ಗಂಡಸು ಇನ್ನೂ ಹುಟ್ಟಿಲ್ಲ. ಕಟ್ಟೆ ಇಲ್ಲದಿದ್ದರೆ ಕುರಿಯನ್ನು ನಡುಹಗಲಲ್ಲಿ ಕೆಳಗಿಳಿಸಿ ಮತ್ತೆ ಹತ್ತಿಸಬೇಕು, ಮೇದದ್ದೆಲ್ಲ ಆ ನಡಿಗೆಯಲ್ಲೇ ಕರಗುತ್ತದೆ.

ಇನ್ನಷ್ಟು ಮೇಲೆ ಹೋದಂತೆ ಒಂದರ ಕೋಡಿ ಇನ್ನೊಂದರ ಕಡೆಗೆ ಇಳಿಯುವಂತೆ ಕಟ್ಟೆಗಳು ಸಿಕ್ಕವು. ಮೇಲಿನದು ತುಂಬಿದರೆ ಹೆಚ್ಚಾದದ್ದು ಕೆಳಗಿನದಕ್ಕೆ. ನಮ್ಮ ಬಯಲುಸೀಮೆಯ ಕೆರೆಗಳ ಸರಪಳಿಯೂ ಇದೇ ಲೆಕ್ಕದಲ್ಲಿ ಕಟ್ಟಿದ್ದು. ರಾಜರು, ದಂಡನಾಯಕರು, ಊರಗೌಡರು ಕೂಲಿಯಾಳುಗಳನ್ನು ಇಟ್ಟು ನೂರಾರು ಎಕರೆಯಲ್ಲಿ ಮಾಡಿದ್ದನ್ನು ಈ ಮನುಷ್ಯ ಬೆಟ್ಟದ ಮೈಯಲ್ಲಿ ಕೈಯಳತೆಯಲ್ಲಿ ಮಾಡಿದ್ದಾರೆ. ಶಾಲೆಯಲ್ಲಿ ಕಲಿತದ್ದಲ್ಲ ಇದು. ಮಳೆ ಬರುವಾಗ ಎಲ್ಲರೂ ಮರದಡಿಗೆ ಓಡಿದರೆ, ನೀರು ಯಾವ ಕಡೆಗೆ ಓಡುತ್ತದೆ ಎಂದು ನೋಡುತ್ತ ನಿಂತವರು ಕಲಿಯುವ ವಿದ್ಯೆ.

ಮೂರನೆಯ ಕಟ್ಟೆಯ ಬಳಿ ಎಳೆಯ ಆಲದ ನೆರಳಿತ್ತು. ಕಾಮೇಗೌಡರು ಬೆಟ್ಟದಲ್ಲಿ ಗಿಡಗಳನ್ನೂ ನೆಟ್ಟವರು, ಆಲಗಳನ್ನು ವಿಶೇಷವಾಗಿ. ಕಟ್ಟೆ ತೋಡಿದವನಿಗೆ ಬದುಕಿರುವಾಗಲೇ ಅದರ ಫಲ ಕಾಣುತ್ತದೆ, ಮೊದಲ ಮಳೆಗೇ ನೀರು ನಿಲ್ಲುತ್ತದೆ. ಆಲ ನೆಡುವುದು ಬೇರೆ ಲೆಕ್ಕ. ಮುದಿವಯಸ್ಸಿನಲ್ಲಿ ಆಲದ ಸಸಿ ನೆಡುವವರು ತಮಗಾಗಿ ನೆಡುವುದಿಲ್ಲ. ಅದರ ಕೆಳಗೆ ಬಿದ್ದಿದ್ದ ಹಿಕ್ಕೆಗಳನ್ನು ಹಿರಿಯರು ದೋಟಿಯ ತುದಿಯಿಂದ ತಿರುವಿ, ಇದು ಮೊಲದ್ದು, ಇದು ಮುಳ್ಳುಹಂದಿಯದ್ದು ಎಂದು ಬೇರೆಬೇರೆ ಮಾಡಿ ತೋರಿಸಿದರು. ಅಲ್ಲೇ ಬುತ್ತಿ ಬಿಚ್ಚಿದೆವು. ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಹಸಿ ಈರುಳ್ಳಿ. ಹುಡುಗ ತನ್ನ ಪಾಲಿನಿಂದ ಒಂದು ತುಂಡು ಮುರಿದು ಮರಿಯೊಂದರ ಬಾಯಿಗಿಟ್ಟ. ತಾತ ಬೈದರು, ಹುಡುಗ ನಕ್ಕ.

ಅಲ್ಲಿಂದ ಮುಂದೆ ನನಗೆ ಸಂಕಟವಾಗುವಂಥ ಕಟ್ಟೆಗಳೂ ಸಿಕ್ಕವು. ಒಂದರಲ್ಲಿ ನೀರಿಗಿಂತ ಹೂಳೇ ಹೆಚ್ಚು. ಮೇಲ್ಪದರ ಒಣಗಿ ಸೀಳುಬಿಟ್ಟಿತ್ತು, ನಡುವೆ ಒಂದು ಬೊಗಸೆಯಷ್ಟು ತೇವದಲ್ಲಿ ಜೇನುಹುಳುಗಳು ಕುಳಿತಿದ್ದವು. ಇನ್ನೊಂದರ ಏರಿ ಒಂದು ಮೂಲೆಯಲ್ಲಿ ಕುಸಿದಿತ್ತು, ಲಂಟಾನ ಅದರ ಒಳಕ್ಕೆ ಇಳಿದಿತ್ತು. ಕಟ್ಟೆ ಎಂದರೆ ಒಮ್ಮೆ ತೋಡಿ ಮುಗಿಸುವ ಕೆಲಸವಲ್ಲ. ಪ್ರತಿ ಮಳೆಯೂ ಬಂಡೆ ತೊಳೆದು ಒಂದಿಷ್ಟು ಮರಳು, ಒಂದಿಷ್ಟು ಎಲೆ ತಂದು ಹಾಕುತ್ತದೆ. ವರ್ಷಕ್ಕೆ ಒಂದು ಗೇಣು ಹೂಳು ಕೂತರೂ ಆಳವಿಲ್ಲದ ಕಟ್ಟೆ ಕೆಲವೇ ವರ್ಷಗಳಲ್ಲಿ ಬಯಲಾಗುತ್ತದೆ. ಕಾಮೇಗೌಡರು ಹೊಸ ಕಟ್ಟೆ ತೋಡಿದ್ದನ್ನು ಎಲ್ಲರೂ ಬರೆದರು. ಹಳೆಯ ಕಟ್ಟೆಗಳಿಗೆ ಮತ್ತೆ ಮತ್ತೆ ಇಳಿದು ಮಣ್ಣೆತ್ತಿದ ದಿನಗಳನ್ನು ಬರೆದವರು ಕಡಿಮೆ. ನನ್ನ ಮಟ್ಟಿಗೆ ಅದೇ ದೊಡ್ಡದು. ಹೊಸದನ್ನು ಮಾಡುವಾಗ ಒಂದು ಹುರುಪಿರುತ್ತದೆ. ಮಾಡಿದ್ದನ್ನು ಪ್ರತಿವರ್ಷ ನೋಡಿಕೊಳ್ಳಲು ಹುರುಪು ಸಾಲದು, ಅದಕ್ಕೆ ಅಕ್ಕರೆಯೇ ಬೇಕು. ಅವರು ಮಕ್ಕಳನ್ನು ಸಾಕಿದ ಹಾಗೆ ಕಟ್ಟೆಗಳನ್ನು ಸಾಕಿದರು.

ಈ ಹೂಳನ್ನು ಈಗ ಎತ್ತುವವರು ಯಾರು ಎಂದು ಹಿರಿಯರನ್ನು ಕೇಳಿದೆ. ತಮ್ಮ ಕುರಿ ಕುಡಿಯುವ ಕಟ್ಟೆಯಲ್ಲಿ ತಾವು ಆಗಾಗ ಒಂದೆರಡು ಮಂಕರಿ ಎತ್ತುವುದಾಗಿ ಹೇಳಿದರು. ಮಿಕ್ಕವುಗಳ ವಿಷಯದಲ್ಲಿ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಬಾಯಿ ತೆರೆದು, ಇವೆಲ್ಲ ಗೌಡರದ್ದು ಎಂದು ಜನ ಅಂದುಕೊಂಡುಬಿಟ್ಟಿದ್ದಾರೆ ಎಂದರು. ನನಗೆ ನಾಟಿದ್ದು ಈ ಮಾತು. ಒಬ್ಬ ಮನುಷ್ಯ ತನ್ನದನ್ನೆಲ್ಲ ಸುರಿದು ಎಲ್ಲರಿಗಾಗಿ ಮಾಡಿದ ಕೆಲಸಕ್ಕೆ ಅವನ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತು ಎಂದರೆ, ಅದು ಎಲ್ಲರದ್ದು ಎಂಬುದೇ ಮರೆತುಹೋಯಿತು.

ಇಳಿಯುವಾಗ ಸಂಜೆ. ಊರು ಸೇರುವ ಹೊತ್ತಿಗೆ ಹಿರಿಯರ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಬೇಡವೆಂದರೂ ಬಿಡಲಿಲ್ಲ.

ಮೂರನೆಯ ದಿನ: ಮತ್ತೆ ಮೈಸೂರು

ಬೆಳಗ್ಗೆ ಊರಿಂದ ಹೊರಡುವ ಮುನ್ನ ನಾಲ್ಕೈದು ಮಂದಿ ಕುರಿ ಸಾಕಣೆಯವರು ಅದೇ ಜಗಲಿಯಲ್ಲಿ ಸೇರಿದ್ದರು. ಹೂಳಿನ ಮಾತು ತೆಗೆದೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಮಾಡಿಸಬಹುದು ಎಂದು ಒಬ್ಬರೆಂದರು, ಅದು ಆಗುವ ಹೊತ್ತಿಗೆ ಮಳೆ ಬಂದಿರುತ್ತದೆ ಎಂದು ಇನ್ನೊಬ್ಬರು. ಇಬ್ಬರ ಮಾತೂ ನಿಜವಿರಬಹುದು. ಅರ್ಜಿ ಕೊಡುವುದೆಂದೂ ಅರ್ಜಿಯ ದಾರಿ ಕಾಯದಿರುವುದೆಂದೂ ಕೊನೆಗೆ ತೀರ್ಮಾನವಾಯಿತು.

ಮಧ್ಯಾಹ್ನದ ಹೊತ್ತಿಗೆ ಮೈಸೂರು ತಲುಪಿ, ನೇರವಾಗಿ ಮನೆಗೆ ಹೋಗದೆ ಮರಿಮಲ್ಲಪ್ಪ ಶಾಲೆಯ ಕಡೆಗೆ ನಡೆದೆ. ಬೆಟ್ಟದಲ್ಲಿ ಹುಟ್ಟಿದ ಪ್ರಶ್ನೆಗೆ ಇಲ್ಲಿ ಏನಾದರೂ ಸಿಕ್ಕೀತೆಂಬ ನಂಬಿಕೆ. ಅರಮನೆಯಲ್ಲಿ ಗುರಿಕಾರರಾಗಿದ್ದ ಮರಿಮಲ್ಲಪ್ಪನವರು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆಂದು ಬರೆದಿಟ್ಟರು, ಅದರಿಂದ 1876ರಲ್ಲಿ ಶಾಲೆ ಹುಟ್ಟಿತು. ಅದರ ಮುಖ್ಯೋಪಾಧ್ಯಾಯರಾಗಿದ್ದವರು ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿಗರ ಬಾಯಲ್ಲಿ ತಾತಯ್ಯ. 1844ರಲ್ಲಿ ಹುಟ್ಟಿ 1933ರವರೆಗೆ ಬಾಳಿದ ತಾತಯ್ಯ ಮೇಷ್ಟರೂ ಹೌದು, ಪತ್ರಿಕೆ ನಡೆಸಿದವರೂ ಹೌದು. ಎಲ್ಲಕ್ಕಿಂತ ಹೆಚ್ಚಾಗಿ, ದಿಕ್ಕಿಲ್ಲದ ಮಕ್ಕಳಿಗೆ ಅನಾಥಾಲಯ ಕಟ್ಟಿ ಅನ್ನ ಹಾಕಿದವರು. ‘ದಯಾಸಾಗರ’ ಎಂಬ ಬಿರುದು ಬಂದದ್ದು ಅದಕ್ಕೇ. ಅವರಲ್ಲಿ ಮರಿಮಲ್ಲಪ್ಪನವರ ಆಸ್ತಿ ಇರಲಿಲ್ಲ. ಇದ್ದದ್ದು ಒಬ್ಬ ಶಿಕ್ಷಕನ ಸಂಪಾದನೆ, ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಮಕ್ಕಳ ಪರವಾಗಿ ಕೇಳಲು ನಾಚದ ಮನಸ್ಸು.

ಶಾಲೆ ಬಿಡುವ ಹೊತ್ತು. ಮಕ್ಕಳ ಗುಂಪು ಗೇಟಿನಿಂದ ಹೊರಗೆ ನುಗ್ಗುತ್ತಿತ್ತು. ಕೊಟ್ಟವರು ಹೋಗಿ ಒಂದು ಶತಮಾನಕ್ಕೂ ಹೆಚ್ಚಾಗಿರುವ ಶಾಲೆ ಇಂದಿಗೂ ನಡೆಯುತ್ತಿರುವುದು ಹೇಗೆ? ಉಯಿಲು ಇತ್ತು, ಧರ್ಮದರ್ಶಿಗಳಿದ್ದರು, ಲೆಕ್ಕಪತ್ರ ನೋಡುವವರಿದ್ದರು. ತಾತಯ್ಯನವರ ಅನಾಥಾಲಯಕ್ಕೂ ಅವರ ಬೆನ್ನಿಗೆ ನಿಂತ ಊರು ಇತ್ತು. ಕಾಮೇಗೌಡರ ಕಟ್ಟೆಗಳಿಗೆ ಉಯಿಲಿಲ್ಲ, ಸಮಿತಿಯಿಲ್ಲ. ಅವುಗಳ ಫಲಾನುಭವಿಗಳಾದ ನವಿಲು, ಮೊಲ, ಕುರಿಗಳಿಗೆ ಸಭೆ ಸೇರಲು ಬರುವುದಿಲ್ಲ. ಆ ಸಭೆಯನ್ನು ನಾವೇ ಸೇರಬೇಕು. ದಾಸನದೊಡ್ಡಿಯ ಜಗಲಿಯಲ್ಲಿ ಬೆಳಗ್ಗೆ ಕುಳಿತಿದ್ದ ನಾಲ್ಕೈದು ಮಂದಿಯ ಸಭೆ ಈ ಶಾಲೆಯ ಆಡಳಿತ ಮಂಡಳಿಯಷ್ಟೇ ಮುಖ್ಯ ಎಂದು ಅಲ್ಲಿ ನಿಂತಾಗ ನನಗೆ ಅನ್ನಿಸಿತು.

ರಾತ್ರಿ ಹಿರಿಯರ ಮೊಮ್ಮಗ ಫೋನ್ ಮಾಡಿದ. ಸೋಮವಾರ ಎತ್ತು ಹೂಡುವುದಿಲ್ಲವಾದ್ದರಿಂದ ಆ ದಿನ ಊರಿನಲ್ಲಿ ಕೈಗಳು ಬಿಡುವಾಗಿರುತ್ತವೆ, ಯುಗಾದಿ ಕಳೆದ ಮೇಲಿನ ಸೋಮವಾರಗಳಲ್ಲಿ ಮನೆಗೊಬ್ಬರಂತೆ ಬೆಟ್ಟಕ್ಕೆ ಹೋಗುವುದೆಂದು ಮಾತಾಗಿದೆ ಎಂದ. ಭರಣಿ ಮಳೆಯೊಳಗೆ ಹೂಳು ಮೇಲೆ ಬಂದಿರಬೇಕು. ಏರಿ ಕುಸಿದ ಕಟ್ಟೆಯಿಂದಲೇ ಶುರು ಮಾಡುತ್ತಾರಂತೆ, ಲಂಟಾನ ಕಡಿಯಲು ಇನ್ನೂ ನಾಲ್ಕು ಮಚ್ಚು, ಮಣ್ಣು ಹೊರಲು ಹತ್ತು ಮಂಕರಿ ಬೇಕು. ಮಂಕರಿಗಳನ್ನು ನಾನು ತರುವುದಾಗಿ ಹೇಳಿದೆ. ಪ್ಲಾಸ್ಟಿಕ್ಕಿನದು ಬೇಡ, ಕಲ್ಲಿಗೆ ಒಡೆಯುತ್ತದೆ, ಬಿದಿರಿನದೇ ತನ್ನಿ ಎಂದ.